ಒಳಜೇಬಿನ ಬ್ಯಾಡ್ಜು

“ಸರಿಯಾಗಿ ನೆನಪು ಮಾಡ್ಕೋಮ್ಮ. ಬ್ಯಾಡ್ಜು ಎಲ್ಲಾದ್ರೂ ಬಿಟ್ಟು ಬಂದಿದ್ಯಾ?”

ಕೇಳಿದವರು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ. ಉದ್ದನೆಯ ಕೋಲಿನ ತುದಿಗೆ ಅಳತೆಯಂತ್ರ ಸಿಕ್ಕಿಸಿಕೊಂಡು ಮೂಲೆಮೂಲೆ ತಡಕುವ ಅವರಿಗೆ ಮೀಟರ್ ಮಾವ ಎಂದೇ ಹೆಸರು. ಊಟದ ಡಬ್ಬಿಗೂ ಅದನ್ನು ಹಿಡಿದು ನೋಡುತ್ತಾರೆಂದು ನರ್ಸುಗಳು ನಗುತ್ತಿದ್ದರು. ಇವತ್ತು ಅವರೆದುರು ಕೂತಿದ್ದ ಟೆಕ್ನಿಷಿಯನ್ನಿಗೆ ನಗು ಬರಲಿಲ್ಲ.

ರೋಗಿಗಳಿಗೆ ವಿಕಿರಣ ಸೂಸುವ ಔಷಧಿ ಚುಚ್ಚಿ, ಅದು ಮೈಗೆಲ್ಲ ಹರಡುವ ತನಕ ಮಲಗಿಸಿ, ಆಮೇಲೆ ಸ್ಕ್ಯಾನ್ ಮಾಡುವುದು ಅವಳ ಕೆಲಸ. ಅವಳ ಮೈಗೆ ತಿಂಗಳಿಗೆಷ್ಟು ವಿಕಿರಣ ತಾಕಿತೆಂದು ಎದೆಯ ಬ್ಯಾಡ್ಜು ಹೇಳುತ್ತದೆ; ಕೈಗೆಷ್ಟೆಂದು ಬೆರಳಿಗೆ ಹಾಕುವ ಅಳತೆಯ ಉಂಗುರ. ಹೋದ ತಿಂಗಳಿನದು ಎಂದಿಗಿಂತ ಹಲವು ಪಟ್ಟು ಹೆಚ್ಚು ತೋರಿಸಿತ್ತು.

“ಇಲ್ಲ ಸರ್. ಕೋಟಿನ ಒಳಜೇಬಿಗೇ ಸಿಕ್ಕಿಸಿರ್ತೀನಿ. ಕೋಟು ಬಿಚ್ಚೋದು ಮನೆಗೆ ಹೊರಟಾಗಲೇ.”

“ಹೋಗ್ಲಿ, ಗಾಬರಿ ಬೀಳೋವಂಥದ್ದೇನಲ್ಲ. ದೊಡ್ಡವರಿಗೆ ಇಷ್ಟು ಲೆಕ್ಕಕ್ಕೇ ಇಲ್ಲ.”

ಆ ‘ದೊಡ್ಡವರಿಗೆ’ ಎಂಬ ಮಾತಿಗೆ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

“ಸರ್, ನಂಗೀಗ ಮೂರನೇ ತಿಂಗಳು.”

ಬಸಿರಾದರೆ ಕೂಡಲೇ ತಿಳಿಸಬೇಕೆಂಬ ನಿಯಮ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಿಂದಿನ ಸಲ ಹಿಗ್ಗಿನಿಂದ ಎಲ್ಲರಿಗೂ ಹೇಳಿ, ಆಮೇಲೆ ಉಳಿಯಲಿಲ್ಲವೆಂದು ಒಬ್ಬೊಬ್ಬರಿಗೂ ಮತ್ತೆ ಹೇಳಬೇಕಾಗಿ ಬಂದ ಸಂಕಟ ಈ ಸಲ ಅವಳ ಬಾಯಿ ಕಟ್ಟಿಹಾಕಿತ್ತು.

ಮೀಟರ್ ಮಾವ ಗದರಲಿಲ್ಲ. ತಮ್ಮ ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದರು.

“ಇವತ್ತಿಂದ ಇಂಜೆಕ್ಷನ್ ರೂಮಿನ ಕಡೆ ತಲೆ ಹಾಕ್ಬೇಡ. ಹೊರಗಿನ ಕೌಂಟರಲ್ಲಿ ಕೂತ್ಕೋ. ಒಂದು ವಿಷಯ ಮಾತ್ರ ನಂಗೆ ಅರ್ಥ ಆಗ್ತಿಲ್ಲ. ಔಷಧಿ ಹಿಡಿಯೋದು ಕೈ. ನಿನ್ನ ಬೆರಳಿನ ಉಂಗುರ ಎಂದಿನಷ್ಟೇ ವಿಕಿರಣ ತೋರಿಸಿದೆ. ಕೈಗೆ ತಾಕದ್ದು ಎದೆಗೆ ಎಲ್ಲಿಂದ ಬಂತು?”

ಸಂಜೆ ಗಂಡನಿಗೆ ಹೇಳಿದಳು. “ಗಾಬರಿ ಬೇಡ ಅಂದ್ರಲ್ಲ ಅವರು, ಮತ್ತೇನು?” ಎಂದ ಅವನು. ಅವನ ಮುಂದಿದ್ದ ಚಹಾ ಕೆನೆಗಟ್ಟಿ ಆರಿಹೋಯಿತು.

ಎರಡು ದಿನ ಕೌಂಟರಿನಲ್ಲಿ ಕೂತು ಬಂದವರಿಗೆ ದಾರಿ ತೋರಿಸಿದಳು. ಮೂರನೆಯ ದಿನ, ಹಿಂದೊಮ್ಮೆ ಬಂದಿದ್ದ ಅಜ್ಜಿಯೊಬ್ಬರು ಮತ್ತೊಂದು ಸ್ಕ್ಯಾನಿಗೆ ಬಂದರು.

“ಏನೇ ತಾಯಿ, ಬಡ್ತಿ ಸಿಕ್ತಾ? ಕುರ್ಚಿ ಏರಿಬಿಟ್ಟಿದೀಯ!” ಎನ್ನುತ್ತ ಚೀಲದಿಂದ ದಪ್ಪನೆಯ ಕಂದು ಸ್ವೆಟರ್ ಎಳೆದು ತೋರಿಸಿದರು. “ಈ ಸಲ ನಿನ್ನ ಕೋಟಿನ ತಂಟೆಗೆ ಬರಲ್ಲ, ನೋಡು.”

“ಯಾವ ಕೋಟು ಅಜ್ಜಿ?”

“ಮರ್ತೇಬಿಟ್ಯಾ? ಹೋದ ತಿಂಗಳು ಸೂಜಿ ಚುಚ್ಚಿ ಮಲಗಿಸಿದ್ಮೇಲೆ ನಂಗೆ ಹಲ್ಲು ಕಟಕಟ ಅಂತಿತ್ತು. ಹೊದಿಕೆಯೆಲ್ಲ ಒಗೆಯೋಕೆ ಹೋಗಿದೆ ಅಂತ ನಿನ್ನ ಕೋಟೇ ಬಿಚ್ಚಿ ಹೊದಿಸ್ಬಿಟ್ಟು ಹೋದೆಯಲ್ಲ! ಎಂಥಾ ನಿದ್ದೆ ಅಂತೀಯ. ಒಳಜೇಬಲ್ಲಿ ಅದೇನೋ ಬಿಲ್ಲೆ ಎದೆಗೆ ಒತ್ತುತ್ತಿತ್ತು, ಅಷ್ಟೇ.”

ಅವಳು ಧಡಕ್ಕನೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಅಜ್ಜಿ ಮಲಗಿದ್ದಷ್ಟು ಹೊತ್ತು ತಾನು ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದದ್ದು ಈಗ ನೆನಪಾಯಿತು. ಬ್ಯಾಡ್ಜು ಮಾತ್ರ, ಮೈತುಂಬ ಔಷಧಿ ತುಂಬಿಕೊಂಡಿದ್ದ ಅಜ್ಜಿಯ ಎದೆಯ ಮೇಲಿತ್ತು.

ಮೀಟರ್ ಮಾವ ಬರೀ ಮಾತನ್ನು ನಂಬುವವರಲ್ಲ. ಬೇರೆ ಟೆಕ್ನಿಷಿಯನ್ ಅಜ್ಜಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕೋಲಿನ ತುದಿಯ ಯಂತ್ರವನ್ನು ಅವರ ಎದೆಯ ಹತ್ತಿರ ಹಿಡಿದು ನೋಡಿಬಂದು, ಲೆಕ್ಕ ಹಾಕುತ್ತ ಕೂತರು. ಅವಳು ಅವರ ಹುಬ್ಬನ್ನೇ ನೋಡುತ್ತ ನಿಂತಳು. ಹುಬ್ಬು ಸಡಿಲವಾಯಿತು.

“ಹೆಚ್ಚೂಕಡಿಮೆ ಸರಿಹೋಯ್ತು. ಆ ಹೆಚ್ಚಿನದು ಅಜ್ಜೀದಮ್ಮ, ನಿಂದಲ್ಲ. ಅದಕ್ಕೇ ಉಂಗುರ ಸುಮ್ನಿತ್ತು. ನಿಂಗೆ ತಾಕಿರೋದು ಎಂದಿನಷ್ಟೇ. ಮಗೂಗೆ ಅದರಿಂದ ಏನೂ ಇಲ್ಲ.”

ಅವಳು ಮುಖ ಮುಚ್ಚಿಕೊಂಡು ಅತ್ತಳು.

“ಅಯ್ಯೋ, ಈಗ್ಯಾಕೆ ಅಳ್ತೀಯ? ಅಳೋ ಹೊತ್ತು ಮುಗೀತು,” ಎಂದರು ಅವರು, ತಮ್ಮ ಕನ್ನಡಕವನ್ನು ಸುಮ್ಮನೆ ಒರೆಸುತ್ತ. “ಕೋಟು ಕೊಡು, ಬೇಡ ಅನ್ನಲ್ಲ. ಬ್ಯಾಡ್ಜು ಬಿಚ್ಕೊಂಡು ಕೊಡು. ಬಸಿರಿನ ಗುಟ್ಟು ಯಾರಿಂದ ಬೇಕಾದ್ರೂ ಮುಚ್ಚಿಡು, ನನ್ನಿಂದ ಬೇಡ.” ಮೇಜಿನ ಡ್ರಾಯರಿನಿಂದ ಹೊಸ ಬ್ಯಾಡ್ಜೊಂದನ್ನು ತೆಗೆದಿಟ್ಟರು. “ಇದನ್ನ ಸೊಂಟದ ಹತ್ರ ಸಿಕ್ಕಿಸ್ಕೋ. ಇದು ಮಗೂದು.”

ಗಂಡನಿಗೆ ಫೋನು ಮಾಡಿದಳು. “ತಾಳು, ಒಂದು ಚಹಾ ಕುಡಿದು ಮಾತಾಡ್ತೀನಿ,” ಎಂದ.

ಕೌಂಟರಿಗೆ ಬಂದು ಕುರ್ಚಿ ಎತ್ತಿ ನಿಲ್ಲಿಸಿ ಕೂತಳು. ಎದುರಿನ ಪುಟ್ಟ ಪರದೆಯಲ್ಲಿ ರೋಗಿಗಳು ಮಲಗುವ ಕೋಣೆ ಕಾಣುತ್ತಿತ್ತು. ಅಜ್ಜಿ ಸ್ವೆಟರ್ ತೊಟ್ಟು ಮುದುಡಿ ಮಲಗಿದ್ದರು, ಪಾದಗಳು ಬರಿದಾಗಿದ್ದವು. ಬಾಗಿಲು ಮೆಲ್ಲಗೆ ತೆರೆಯಿತು. ಮೀಟರ್ ಮಾವ ಒಳಗೆ ಬಂದು, ಒಂದು ಹೊದಿಕೆಯನ್ನು ಅಜ್ಜಿಯ ಕಾಲಿನ ಮೇಲೆ ಹಾಕಿ, ಸರಸರನೆ ಬಾಗಿಲ ತನಕ ಹಿಂದೆ ಸರಿದರು. ಹೊದಿಕೆಯ ಒಂದು ತುದಿ ಜಾರಿತು. ಅವರು ನಿಂತು ನೋಡಿದರು. ಮತ್ತೆ ಅಲ್ಲಿಂದಲೇ ತಮ್ಮ ಉದ್ದನೆಯ ಕೋಲನ್ನು ಚಾಚಿ, ಅಜ್ಜಿಗೆ ಎಚ್ಚರವಾಗದಂತೆ, ಆ ತುದಿಯನ್ನು ಪಾದದ ಮೇಲಕ್ಕೆ ಸರಿಸತೊಡಗಿದರು.