ಕುರಿ ನೆಕ್ಕಿದ ಗೋಡೆ

ಸೊಸೆ ಮಮತಾಳ ಬಾಣಂತನ ಮುಗಿದು ಐದನೇ ತಿಂಗಳು ನಡೆಯುತ್ತಿತ್ತು. ಅವಳನ್ನೂ ಮೊಮ್ಮಗಳನ್ನೂ ಕರೆತರಲು ಸೊರಬಕ್ಕೆ ಹೋದರೆ, ಬೀಗತಿ ವರದಮ್ಮ ಕಾಫಿ ಕೊಟ್ಟು ಬರಿಗೈಯಲ್ಲಿ ವಾಪಸು ಕಳಿಸಿದಳು.

“ಮೊದ್ಲು ಆ ಕೋಣೆ ಗೋಡೆ ಒಣಗಲಿ ಬೀಗರೇ. ಕೂಸಿಗೆ ಥಂಡಿ ಹಿಡಿದ್ರೆ ಯಾರು ನೋಡ್ತಾರೆ? ನಾನೇ ಬಂದು ಗೋಡೆ ಮುಟ್ಟಿ ನೋಡ್ತೀನಿ. ಆಮೇಲೆ ಕಳಿಸೋ ಮಾತು.”

ನನಗೆ ಮೈ ಉರಿಯಿತು. ಆದರೆ ಅವಳ ಮಾತು ಸುಳ್ಳಾಗಿರಲಿಲ್ಲ. ಅಂಜನಾಪುರದ ಹತ್ತಿರ ನಮ್ಮದು ಮಣ್ಣಿನ ಗೋಡೆಯ ಹಂಚಿನ ಮನೆ. ಮಳೆಗಾಲದಲ್ಲಿ ಸೂರಿನ ನೀರು ಸಿಡಿದು ಹಿಂದಿನ ಕೋಣೆಯ ಗೋಡೆಯ ಬುಡ ಕೊರೆದುಹೋಗಿತ್ತು. ನಾನೇ ಮಣ್ಣು ಮೆತ್ತಿದೆ, ಉದುರಿತು. ಮತ್ತೆ ಮೆತ್ತಿದೆ, ಮತ್ತೆ ಉದುರಿತು. ಸಾಲದ್ದಕ್ಕೆ ಬಿಸಿಲುಗಾಲ ಬಂದರೂ ತೇವ ಹೋಗಲಿಲ್ಲ. ಮೇಸ್ತ್ರಿಗಳನ್ನು ಕರೆದರೆ ಎಲ್ಲರದೂ ಒಂದೇ ಮಾತು, ಕೆಡವಿ ಇಟ್ಟಿಗೆಯಲ್ಲಿ ಕಟ್ಟಿಸಿ ಅಂತ. ಗೋಡೆಯ ಬುಡ ಕೆಟ್ಟಿತೆಂದು ಮನೆ ಕೆಡವುತ್ತಾರೇನು?

“ಅಪ್ಪಾ, ಮೇಲೆ ಸಿಮೆಂಟ್ ಬಳಿದ್ರೆ ಮುಗೀತು,” ಅಂದ ಮಗ ಪರಶುರಾಮ. ಬಳಿದೆವು. ಸಿಮೆಂಟು ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿ, ಹಾಳೆ ಹಾಳೆಯಾಗಿ ಕಳಚಿ ಬಿತ್ತು. ಮತ್ತೆ ಮಣ್ಣನ್ನೇ ಮೆತ್ತಿದೆ.

ಒಂದು ಸಂಜೆ ಮಮತಾ ವಿಡಿಯೋ ಕಾಲ್ ಮಾಡಿ ಕೂಸನ್ನು ತೋರಿಸಿದಳು. ನಾನೂ ಹೊಸದಾಗಿ ಮೆತ್ತಿದ ಗೋಡೆ ತೋರಿಸೋಣವೆಂದು ಫೋನು ತಿರುಗಿಸಿದೆ. ಹೊಸದಾಗಿ ಈದ ಕುರಿಯೊಂದನ್ನು ಅದೇ ಕೋಣೆಯಲ್ಲಿ ಕಟ್ಟಿದ್ದೆವು.

“ಮಾವಾ, ಆ ಕುರಿ ಗೋಡೆ ತಿಂತಿದ್ಯಲ್ಲ! ನನ್ ಮಗಳು ಬರೋಕ್ ಮುಂಚೆ ಅದೇ ಕೋಣೆ ಹಿಡ್ಕಂತು ನೋಡಿ,” ಎಂದು ಮಮತಾ ನಕ್ಕಳು.

ಸಿಟ್ಟಿನಿಂದ ಫೋನು ಇಟ್ಟು ಕೋಲು ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಕುರಿ, ಮೇಲಿನ ಹಳೆ ಗೋಡೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ನಾನು ಮೆತ್ತಿದಷ್ಟನ್ನೇ ಚಪ್ಪರಿಸುತ್ತಿತ್ತು. ಬಗ್ಗಿ ನಾನೂ ನಾಲಿಗೆ ತಾಗಿಸಿದೆ. ಉಪ್ಪು!

“ಅಯ್ಯಯ್ಯೋ, ಕುರಿ ಮಿಗಿಸಿದ್ದನ್ನ ಇವ್ರು ನೆಕ್ತಾ ಅದಾರಲ್ಲಪ್ಪೋ!” ಹೆಂಡತಿ ಬಸಕ್ಕ ಬಾಗಿಲಲ್ಲಿ ನಿಂತಿದ್ದಳು.

“ಮುಚ್ಚೇ ಬಾಯಿ. ಗೋಡೆ ಯಾಕೆ ಉದುರ್ತೈತಿ ಅಂತ ಗೊತ್ತಾತು.”

ಮಣ್ಣು ತಂದದ್ದು ನಮ್ಮ ಕುರಿಹಟ್ಟಿಯಿಂದ. ಗೊಬ್ಬರಕ್ಕಾಗಿ ನಮ್ಮ ಕುರಿ ತಮ್ಮ ಹೊಲದಲ್ಲಿ ತಂಗಲಿ ಎಂದು ಜನ ಮುಂಚೆಯೇ ಹೇಳಿಡುತ್ತಾರೆ. ಹೊಲಕ್ಕೆ ಅಷ್ಟು ಒಳ್ಳೆಯದು ಗೋಡೆಗೂ ಒಳ್ಳೆಯದೇ ಎಂದುಕೊಂಡಿದ್ದೆ. ಮಣ್ಣು ನುಣ್ಣಗೆ, ಕೈಗೆ ಸಿಗುವಂತೆ ಬೇರೆ ಇತ್ತು. ಆದರೆ ಕುರಿಗಳ ಗಂಜಲ ಕುಡಿದು ಕುಡಿದು ಆ ಮಣ್ಣೇ ಉಪ್ಪಾಗಿದೆ. ಉಪ್ಪು ತೇವ ಎಳೆಯುತ್ತದೆ, ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ, ಮೇಲೆ ಏನು ಬಳಿದರೂ ನೂಕುತ್ತದೆ.

ಮಣ್ಣಿನ ಗೋಡೆ ಇರುವವರು ನಾನು ಆಮೇಲೆ ಮಾಡಿದ್ದನ್ನು ಮಾಡಿ, ಮೊದಲು ಮಾಡಿದ್ದನ್ನಲ್ಲ. ಮೆತ್ತಿದ್ದನ್ನೆಲ್ಲ ಕೆರೆದು ತೆಗೆದೆವು. ತೊಳೆಯಲಿಲ್ಲ, ತೊಳೆದರೆ ಉಪ್ಪು ನೀರಿನ ಜೊತೆ ಇನ್ನೂ ಒಳಗೆ ಹೋಗುತ್ತದೆ. ಒಣ ಪೊರಕೆಯಲ್ಲಿ ಗುಡಿಸಿ, ಪುಡಿಯನ್ನು ದೂರ ಒಯ್ದು ಸುರಿದೆವು. ಉಪ್ಪು ಪೂರ್ತಿ ಹೋಯಿತೋ ಇಲ್ಲವೋ ನೋಡಲು ಪರಶುರಾಮ ನಾಲಿಗೆ ಕೊಡಲು ಒಪ್ಪಲಿಲ್ಲ. ಕುರಿಯನ್ನೇ ಕರೆತಂದೆವು. ಅದು ನೆಕ್ಕಿದ ಕಡೆ ಇನ್ನಷ್ಟು ಕೆರೆದೆವು. ಕೊನೆಗೆ ಅದು ಮುಖ ತಿರುಗಿಸಿತು.

ಕುರಿ ಕೂರದ ಜಾಗದಿಂದ ಕೆಮ್ಮಣ್ಣು ತಂದು, ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ತುಳಿದು, ಹುಲ್ಲು ಕೊಳೆಯುವ ತನಕ ಬಿಟ್ಟು ಮತ್ತೆ ತುಳಿದೆವು. ಹಳೆ ಗೋಡೆಗೆ ಸ್ವಲ್ಪವೇ ನೀರು ಚಿಮುಕಿಸಿ ತೆಳ್ಳಗೆ ಮೆತ್ತಿದೆವು. ಒಂದು ಪದರ ಒಣಗದೆ ಇನ್ನೊಂದು ಹಾಕಬಾರದು. ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಅದು ಗೊತ್ತಿದ್ದ ಬಸಕ್ಕ ಮಣ್ಣು ಮೆತ್ತುವ ಕರಣಿಯನ್ನು ಎತ್ತಿ ಬಚ್ಚಿಟ್ಟಳು. ಬೈದೆ. ಕೊಡಲಿಲ್ಲ. ಆ ಸಿಟ್ಟಿನಲ್ಲಿ ಹೊರಗೆ ಹೋಗಿ, ಸೂರಿನ ನೀರು ಗೋಡೆಯಿಂದ ಆಚೆ ಹರಿಯುವ ಹಾಗೆ ನೆಲವನ್ನು ಇಳಿಜಾರು ಮಾಡಿದೆ. ಕಡೆಗೆ ಸುಣ್ಣ ಹೊಡೆದೆವು.

ವರದಮ್ಮ ಹೇಳಿದಂತೆ ಬಂದಳು. ಚಪ್ಪಲಿ ಬಿಟ್ಟವಳೇ ನೆಟ್ಟಗೆ ಕೋಣೆಗೆ ಹೋಗಿ ಗೋಡೆಯ ಬುಡಕ್ಕೆ ಅಂಗೈ ಇಟ್ಟಳು. ಸಾಲದೆಂದು ಮಂಡಿಯೂರಿ ಕೆನ್ನೆಯನ್ನೂ ಇಟ್ಟಳು.

“ಪರ್ವಾಗಿಲ್ಲ,” ಅಂದಳು.

“ಬರೀ ಪರ್ವಾಗಿಲ್ವಾ?” ಎಂದು ನಾನು ಶುರು ಮಾಡುವಷ್ಟರಲ್ಲಿ ಬಸಕ್ಕ ಬೆನ್ನು ಚಿವುಟಿದಳು.

ವರದಮ್ಮ ಸೆರಗಿಗೆ ಹತ್ತಿದ ಸುಣ್ಣ ಕೊಡವಿಕೊಂಡು, ನನ್ನ ಮುಖ ನೋಡದೆ ಹೇಳಿದಳು: “ನಮ್ ಬಚ್ಚಲು ಗೋಡೇನೂ ಹಿಂಗೇ ಉದುರ್ತಿದೆ ಬೀಗರೇ. ನಮ್ ಕಡೆ ಮಣ್ ಕೆಲ್ಸ ಮಾಡೋರೇ ಇಲ್ಲ. ಬುಧವಾರ ಬಂದು ಒಂದ್ ಕೈ ನೋಡಿ. ಗುರುವಾರ ಕೂಸನ್ನ ನೀವೇ ಎತ್ಕಂಡು ಹೊರಡಿ.”

ನಾನು ಬಾಯಿ ತೆರೆಯುವ ಮೊದಲೇ ಬಸಕ್ಕ, “ಬರ್ತಾರೆ,” ಅಂದಳು. ಒಳಗೆ ಹೋಗಿ ಕರಣಿ ತಂದು ನನ್ನ ಕೈಗೆ ಕೊಟ್ಟಳು.