ದೊರೆಗೆ ಹೇಳದ ಸುದ್ದಿ

ಭಾನುವಾರ ಬೆಳಿಗ್ಗೆ ಮುರಳೀಧರ ಬಚ್ಚಲಿನ ಬಾಗಿಲಿಗೇ ಬಂದು ನಿಂತು, ಪವನನಿಗೆ ಅಟ್ಲಾಂಟಾದಲ್ಲಿ ಆಕ್ಸಿಡೆಂಟ್ ಆಗಿದೆ, ಸೀರಿಯಸ್ ಅಂತೆ, ನಿಮ್ಮ ಮನೆಯಿಂದ ಮೇಡಂ ಫೋನ್ ಮಾಡಿದ್ದರು, ಹೊರಡೋಣ ಎಂದ. ಬಸಲಿಂಗಪ್ಪನವರು ಅರ್ಧ ಗಲ್ಲ ಬೋಳಿಸಿದ್ದರು. ಉಳಿದರ್ಧದ ನೊರೆ ಒರೆಸಿಕೊಂಡು ಹೊರಬಂದರು.

ಅವರು ವರ್ಜೀನಿಯಾದ ಸೆಂಟರ್‌ವಿಲ್‌ಗೆ ಬಂದದ್ದು ಶನಿವಾರ ಸಂಜೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಭಾಷಣ ಮಾಡಲು; ಉಳಿದುಕೊಂಡದ್ದು ಸಂಘದ ಮುರಳೀಧರನ ಮನೆಯಲ್ಲಿ. ಧಾರವಾಡದ ಕಾಲೇಜಿನಲ್ಲಿ ಇಂಗ್ಲೆಂಡಿನ ಇತಿಹಾಸ ಪಾಠ ಮಾಡುತ್ತಿದ್ದವರು, ಹೆಂಡತಿ ವಿದ್ಯಾವತಿಗೆ ನಾರ್ತ್ ಕ್ಯಾರೊಲೈನಾದಲ್ಲಿ ಡಾಕ್ಟರ್ ಕೆಲಸ ಸಿಕ್ಕಾಗ ಜೊತೆಗೆ ಬಂದಿದ್ದರು. ಈಗ ಅಲ್ಲಿನ ಏಪೆಕ್ಸ್‌ನಲ್ಲಿ ಮನೆ, ಹತ್ತಿರದ ಹೈಸ್ಕೂಲೊಂದರಲ್ಲಿ ಅದೇ ಪಾಠ. ಒಬ್ಬನೇ ಮಗ ಪವನ ಅಟ್ಲಾಂಟಾದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ.

ವಿಮಾನದಲ್ಲಿ ಹೋಗೋಣ, ಡಲ್ಲೆಸ್ ಏರ್‌ಪೋರ್ಟ್ ಇಲ್ಲೇ ಇದೆಯಲ್ಲ ಎಂದರು ಬಸಲಿಂಗಪ್ಪನವರು. ಮುರಳೀಧರ ಒಪ್ಪಲಿಲ್ಲ. ಮೊದಲು ಏಪೆಕ್ಸ್‌ಗೆ ಹೋಗಿ ಮೇಡಂ ಅವರನ್ನು ಕರೆದುಕೊಳ್ಳೋಣ, ನಿಮ್ಮ ಕಾರು ಇಲ್ಲೇ ಇರಲಿ, ನಾನೇ ಡ್ರೈವ್ ಮಾಡ್ತೀನಿ ಎಂದು ಅವರ ಕಾರಿನ ಕೀಲಿಕೈ ತೆಗೆದಿಟ್ಟ. ಅವನ ಹೆಂಡತಿ ಮೈಥಿಲಿ ಚಪಾತಿ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಅವಳ ಕಣ್ಣು ಊದಿಕೊಂಡಿತ್ತು.

ಕಾರು ರಿಚ್‌ಮಂಡ್ ದಾಟಿತು. ಮುರಳೀಧರ ಬಲಗಡೆಯ ಲೇನ್ ಬಿಡಲಿಲ್ಲ, ಲಾರಿಗಳೂ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಮಗ ಐಸಿಯುನಲ್ಲಿದ್ದರೆ ವಿದ್ಯಾವತಿ ಗಂಡನಿಗಾಗಿ ಮನೆಯಲ್ಲಿ ಕಾಯುತ್ತಾಳೆಯೇ? ಅವಳು ಡಾಕ್ಟರು. ಅಷ್ಟು ಹೊತ್ತಿಗೆ ಆಸ್ಪತ್ರೆಯವರ ಜೊತೆ ಜಗಳಕ್ಕೇ ನಿಂತಿರುತ್ತಿದ್ದಳು. ಬಸಲಿಂಗಪ್ಪನವರು ಈ ಪ್ರಶ್ನೆಯ ಹತ್ತಿರ ಹೋಗಿ ಹೋಗಿ ಹಿಂದೆ ಸರಿದರು. ನಮ್ಮವರು ದೂರದಲ್ಲಿರುವವನಿಗೆ ಸಾವಿನ ಸುದ್ದಿ ನೇರವಾಗಿ ಹೇಳುವುದಿಲ್ಲ. ಸೀರಿಯಸ್ ಇದೆ, ಬೇಗ ಬಾ ಎನ್ನುತ್ತಾರೆ. ಅಪ್ಪ ತೀರಿಕೊಂಡಾಗ ಅವರಿಗೆ ಬಂದ ತಂತಿಯಲ್ಲೂ ಹಾಗೇ ಇತ್ತು. ಆದರೆ ಕೆಲವರು ನಿಜವಾಗಿಯೂ ಸೀರಿಯಸ್ ಇರುತ್ತಾರೆ.

ಆ ವಾರ ಕ್ಲಾಸಿನಲ್ಲಿ ಅವರು ಮಾಡಿದ್ದು ಮೊದಲನೇ ಹೆನ್ರಿಯ ಪಾಠ. ಇಂಗ್ಲೆಂಡನ್ನು ಗೆದ್ದ ವಿಲಿಯಮ್ಮನ ಮಗ. ೧೧೨೦ರ ನವೆಂಬರಿನಲ್ಲಿ ದೊರೆ ನಾರ್ಮಂಡಿಯಿಂದ ಒಂದು ಹಡಗಿನಲ್ಲಿ ಮುಂದೆ ಹೊರಟ. ಹದಿನೇಳರ ರಾಜಕುಮಾರ ‘ಶ್ವೇತನೌಕೆ’ ಎಂಬ ಇನ್ನೊಂದರಲ್ಲಿ ಹಿಂದೆ ಹೊರಟ. ಅದು ಬಂಡೆಗೆ ಬಡಿದು ಮುಳುಗಿತು. ಸುದ್ದಿ ಆಸ್ಥಾನಕ್ಕೆ ತಲುಪಿದರೂ ದೊರೆಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರಲ್ಲಿ ಹಲವರ ಮಕ್ಕಳೂ ಅದೇ ಹಡಗಿನಲ್ಲಿದ್ದರು. ಮರೆಯಲ್ಲಿ ಅತ್ತು, ಮುಖ ಒರೆಸಿಕೊಂಡು ಬಂದು ದೊರೆಯ ಎದುರು ನಿಂತರು. ಕೊನೆಗೆ ಒಬ್ಬ ಹುಡುಗನನ್ನು ಅವನ ಕಾಲಿಗೆ ಬೀಳಿಸಿ ಹೇಳಿಸಿದರು. ಅದೊಂದು ಸಾವಿನಿಂದ ಮುಂದೆ ಸಿಂಹಾಸನಕ್ಕಾಗಿ ಅಂತರ್ಯುದ್ಧವೇ ಆಯಿತು.

ಆಸ್ಥಾನದವರೆಲ್ಲ ಹೇಡಿಗಳೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ದೊರೆಗಳಿಗೆ ಕೆಟ್ಟ ಸುದ್ದಿ ಹೇಳುವುದು ಅಪಾಯ ಎಂದು ಬಸಲಿಂಗಪ್ಪನವರು ಪ್ರತಿವರ್ಷದ ಉತ್ತರವನ್ನೇ ಕೊಟ್ಟಿದ್ದರು. ಆ ಉತ್ತರ ತಪ್ಪೆಂದು ಈಗ ಅನ್ನಿಸಿತು. ದೊರೆಗೆ ಗೊತ್ತಿತ್ತು. ಸುತ್ತಲಿನವರ ಮುಖ ನೋಡಿದವನಿಗೆ ಗೊತ್ತಾಗದೇ ಇರಲು ಸಾಧ್ಯವಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ, ಅದಕ್ಕೇ ಅವನು ಕೇಳಲಿಲ್ಲ.

ನಾರ್ತ್ ಕ್ಯಾರೊಲೈನಾದ ಗಡಿಯ ಹತ್ತಿರ ಪೆಟ್ರೋಲಿಗೆ ನಿಂತಾಗ ಎದುರಿಗೇ ಪೇ ಫೋನ್ ಇತ್ತು. ಕಾಲಿಂಗ್ ಕಾರ್ಡ್ ಜೇಬಿನಲ್ಲಿತ್ತು. ಬಸಲಿಂಗಪ್ಪನವರು ಫೋನಿನವರೆಗೆ ಹೋಗಿ, ರಿಸೀವರ್ ಎತ್ತಿ, ಡಯಲ್ ಟೋನ್ ಕೇಳಿಸಿಕೊಂಡು, ಇಟ್ಟು ಬಂದರು. ಮುರಳೀಧರ ನೋಡುತ್ತಿದ್ದ.

“ಲೈನ್ ಬ್ಯುಸಿ,” ಎಂದರು.

“ಇರತ್ತೆ ಸರ್,” ಎಂದ ಮುರಳೀಧರ. ಮೈಥಿಲಿ ಕೊಟ್ಟ ಚಪಾತಿಯನ್ನು ಬೇಡವೆನ್ನದೆ ತಿಂದರು.

ಎಂಬತ್ತೈದನೆಯ ಹೆದ್ದಾರಿಯಲ್ಲಿ ನೇರ ಹೋದರೆ ಅಟ್ಲಾಂಟಾ. ಪವನನನ್ನು ಕಾಲೇಜಿಗೆ ಸೇರಿಸಲು ಹೋದ ದಾರಿ. ಡರ್ಹಮ್ ಬಳಿ ಮುರಳೀಧರ ಬ್ಲಿಂಕರ್ ಹಾಕಿದ. ಕಾರು ಹೆದ್ದಾರಿ ಬಿಟ್ಟು ರಿಸರ್ಚ್ ಟ್ರಯಾಂಗಲ್ ಕಡೆ, ಏಪೆಕ್ಸ್‌ನ ಮನೆಯ ದಾರಿಗೆ ತಿರುಗಿತು.

“ಯಾವಾಗ ಹೋದ, ಮುರಳಿ?”

ಹಿಂದಿನ ಸೀಟಿನಲ್ಲಿ ಮೈಥಿಲಿ ಬಿಕ್ಕಿದಳು.

“ನಿನ್ನೆ ಮಧ್ಯಾಹ್ನ ಸರ್. ಸ್ಪಾಟ್‌ನಲ್ಲೇ. ಪ್ರೋಗ್ರಾಮ್ ಶುರುವಾಗೋ ಹೊತ್ತಿಗೆ ಫೋನ್ ಬಂತು. ಹೇಳ್ಬೇಡಿ, ಒಬ್ಬರೇ ಡ್ರೈವ್ ಮಾಡ್ಕೊಂಡು ಹೊರಟುಬಿಡ್ತಾರೆ, ನಾನೇ ಹೇಳ್ತೀನಿ ಅಂದ್ರು ಮೇಡಂ.”

ನಿನ್ನೆ ಸಂಜೆ ಅವರು ವೇದಿಕೆಯ ಮೇಲೆ ಜನರನ್ನು ನಗಿಸಿದ್ದರು. ಹೋಳಿಗೆ ಚೆನ್ನಾಗಿದೆಯೆಂದು ಎರಡನೆಯದನ್ನು ಕೇಳಿ ಹಾಕಿಸಿಕೊಂಡಿದ್ದರು. ರಾತ್ರಿ ನಿದ್ದೆಯೂ ಬಂದಿತ್ತು.

“ನನಗೆ ಗೊತ್ತಾಗೇದ ಅಂತ ಆಕಿಗೆ ಹೇಳಬ್ಯಾಡ್ರಿ,” ಎಂದರು.

ಮನೆಯ ಮುಂದೆ ಬೀದಿಯುದ್ದಕ್ಕೂ ಪರಿಚಯದ ಕಾರುಗಳಿದ್ದವು. ವಿದ್ಯಾವತಿ ಬಾಗಿಲಿಗೆ ಬಂದು ಗಂಡನ ಎರಡೂ ಕೈ ಹಿಡಿದುಕೊಂಡು, ರೋಗಿಯ ಕಡೆಯವರಿಗೆ ಹೇಳುವ ಹಾಗೆ, ನಿಧಾನವಾಗಿ, ಮೊದಲಿನಿಂದ ಹೇಳತೊಡಗಿದಳು. ಅವರು ತಡೆಯಲಿಲ್ಲ. ಪೂರ್ತಿ ಕೇಳಿದರು. ಅವಳು ಮುಗಿಸಿದ ಮೇಲೂ, ಇನ್ನೇನೋ ಹೇಳುವುದು ಬಾಕಿಯಿದೆ ಎಂಬಂತೆ ಅವಳ ಬಾಯಿಯನ್ನೇ ನೋಡುತ್ತ ನಿಂತರು.