ಅನ್ನ ಹಿಡಿದ ಕೈ

ಜಪಾನಿನ ಶಿಯೊಗಾಮಾ ಬಂದರಿನ ಆ ಪುಟ್ಟ ಅಂಗಡಿಯಲ್ಲಿ ಮೂರು ವಾರಗಳಿಂದ ಅನ್ನದುಂಡೆಯ ಮೇಲೆ ಮೀನಿಟ್ಟ ಸುಶಿ ಇರಲಿಲ್ಲ. ಯಜಮಾನ ತೊಕುಜೊ ಬಂದವರಿಗೆಲ್ಲ ಹಸಿ ಮೀನಿನ ಹೋಳಾದ ಸಾಶಿಮಿಯನ್ನೇ ಬಡಿಸುತ್ತಿದ್ದ. ಈ ಋತುವಿನ ಮೀನಿಗೆ ಅನ್ನದ ಹಂಗೇಕೆ ಎಂಬುದು ಅವನ ಸಬೂಬು.

ನಿಜ ಬೇರೆಯಿತ್ತು. ಚಳಿಗಾಲದ ಕೊನೆಗೆ ಬಡಿದ ಲಘು ಲಕ್ವ ಅವನ ಬೆರಳುಗಳ ಸ್ಪರ್ಶಜ್ಞಾನವನ್ನು ಕೊಂಡೊಯ್ದಿತ್ತು. ಸಾಶಿಮಿಗೆ ಬರಿಯ ಮೀನು. ಕಣ್ಣು ದಾರಿ ತೋರಿದರೆ ಕತ್ತಿ ನಡೆಯುತ್ತದೆ. ಸುಶಿಯ ಜೀವವಿರುವುದು ಹುಳಿ ಬೆರೆಸಿದ ಅನ್ನದಲ್ಲಿ. ಅದು ಮೈಯ ಬಿಸುಪಿಗೆ ಸಮನಾಗಿರಬೇಕು. ಎತ್ತಿದರೆ ಒಡೆಯಬಾರದು, ಬಾಯಲ್ಲಿಟ್ಟೊಡನೆ ಬಿಡಿಯಾಗಬೇಕು. ಐವತ್ತು ವರ್ಷ ಜಪಮಣಿಯಂತೆ ಅದನ್ನು ಅರಿತಿದ್ದ ಬೆರಳುಗಳಿಗೆ ಈಗ ಅನ್ನವೂ ಒಂದೇ, ಮರದ ಹಲಗೆಯೂ ಒಂದೇ.

ಮಗಳು ಕಿನುಯೆಗೆ ಇದು ಗೊತ್ತಿತ್ತು. ಅನ್ನ ಬೇಯಿಸಿ, ಹುಳಿ ಕಲಸಿ, ಬೀಸಣಿಗೆಯಿಂದ ಆರಿಸುವುದು ಇಪ್ಪತ್ತು ವರ್ಷಗಳಿಂದ ಅವಳ ಪಾಲಿನ ಕೆಲಸ. ಅದನ್ನು ಅಂಗೈಯಲ್ಲಿ ಹಿಡಿದು, ಒತ್ತಿ ಸುಶಿ ಮಾಡುವುದು ಮಾತ್ರ ನಿಷಿದ್ಧ. ಹೆಂಗಸರ ಕೈ ಬಿಸಿ, ಮೀನು ಕೆಡುತ್ತದೆ ಎಂದು ತನ್ನ ಗುರು ಹೇಳಿದ್ದನ್ನು ತೊಕುಜೊ ಮಂತ್ರದಂತೆ ಅವಳಿಗೂ ಒಪ್ಪಿಸಿದ್ದ.

ಆ ಮಧ್ಯಾಹ್ನ ದೋಣಿಯ ಒಡೆಯ ಮೊನ್ಮಾ ಬಂದ. ನಲವತ್ತು ವರ್ಷದ ಗಿರಾಕಿ.

“ಏನಯ್ಯಾ, ಇವತ್ತೂ ಬರೀ ಮೀನೇನಾ? ಅದನ್ನ ನನ್ನ ದೋಣೀಲೇ ಕೂತು ಕೊಯ್ಕೊಂಡು ತಿಂತೀನಿ, ನಿನ್ನ ಮುಖ ನೋಡೋಕ್ ಬರ್ಬೇಕಾ? ಬಂಗಡೆ ಸುಶಿ ಕೊಡು. ಆಗಲ್ವಾ, ಬಾಗಿಲ ಪರದೆ ಇಳಿಸ್ಬಿಡು. ಸುಶಿ ಅಂಗಡಿ ಮುಚ್ಚಿತು ಅಂತ ಊರಿಗೆಲ್ಲ ನಾನೇ ಸಾರ್ತೀನಿ.”

ತೊಕುಜೊ ಬಂಗಡೆ ಕೊಯ್ದು ಒಳಗೆ ಒಯ್ದ. ದೇವಗೂಡಿನ ಮುಂದೆ ಬೆಳಗಿನ ನೈವೇದ್ಯದ ಅನ್ನದ ಬಟ್ಟಲಿತ್ತು. ಅದಕ್ಕೆ ತಲೆಬಾಗಿ, ಮಗಳತ್ತ ನೋಡದೆ ಹೇಳಿದ: “ಎರಡು ಹಿಡಿದ್ಕೊಡು.”

“ನನ್ ಕೈ ಬಿಸಿ ಅಲ್ವಾ, ಅಪ್ಪಾ?”

“ಚುಚ್ಬೇಡ. ಹಿಡಿ.”

ಅವಳು ಕೈಯನ್ನು ಹುಳಿನೀರಿನಲ್ಲಿ ಅದ್ದಿ, ಮೂರೇ ಒತ್ತಿಗೆ ಮುಗಿಸಿದಳು. ಕದ್ದು ಕಲಿತ ಕೈ ಎಂಬುದು ಅವನಿಗೆ ನೋಡಿದೊಡನೆ ತಿಳಿಯಿತು. ಎರಡನ್ನೂ ಹೊರಗೆ ತಂದು ಮೊನ್ಮಾನ ಮುಂದಿನ ಹಲಗೆಯ ಮೇಲಿಟ್ಟ.

ಮೊನ್ಮಾ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. “ಬಂತಲ್ಲೋ ನಿನ್ನ ಕೈ! ನಿನ್ ಕತೆ ಮುಗೀತು ಅಂದ್ಕೊಂಡಿದ್ದೆ.”

ಒಳಕೋಣೆಯ ಪರದೆಯ ಹಿಂದೆ ಕಿನುಯೆಯ ಹೆಜ್ಜೆ ನಿಂತಿತು. ತೊಕುಜೊ ಹೂಂ ಎಂದರೆ ಸಾಕಿತ್ತು. ಹೆಸರೂ ಗಿರಾಕಿಯೂ ಉಳಿಯುತ್ತಿದ್ದವು. ಅವನು ತನ್ನ ಬೆರಳುಗಳನ್ನು ಹಲಗೆಯ ಮೇಲೆ ಚಾಚಿದ.

“ಅದು ನನ್ ಕೈ ಅಲ್ಲ, ಕಿನುಯೆದು. ನನ್ ಬೆರಳಿಗೀಗ ಅನ್ನ ತಿಳಿಯಲ್ಲ.”

ಎರಡನೆಯದರತ್ತ ಚಾಚಿದ ಮೊನ್ಮಾನ ಬೆರಳುಗಳು ಅಲ್ಲೇ ತಡೆದವು. “ಹೆಂಗಸಿನ ಕೈದಾ?”

ತೊಕುಜೊ ಉಳಿದ ಬಂಗಡೆಯನ್ನು ಹೋಳು ಮಾಡಿ, ತಟ್ಟೆಯಲ್ಲಿ ಜೋಡಿಸಿ, ಸುಶಿಯ ಪಕ್ಕದಲ್ಲಿಟ್ಟ. “ಇದು ಬರೀ ಮೀನು, ನಂದು. ಅದರಲ್ಲಿರೋ ಅನ್ನ ಅವಳ್ದು. ಇನ್ಮೇಲೆ ಇಲ್ಲಿ ಹೀಗೇ. ಯಾವ್ದು ಬೇಕೋ ತಿನ್ನು.”

ಮೊನ್ಮಾ ಎರಡನ್ನೂ ಮುಟ್ಟದೆ ಚಹಾದ ಲೋಟ ಎತ್ತಿಕೊಂಡ. ಕಿನುಯೆ ಪರದೆ ಸರಿಸಿ, ಮೊದಲ ಸಲ ತಂದೆಯ ಪಕ್ಕದಲ್ಲಿ ಹಲಗೆಯ ಮುಂದೆ ನಿಂತಳು.

“ಅನ್ನ ಆರಿದ್ರೆ ಚೆನ್ನಾಗಿರಲ್ಲ, ಮಾವಾ.”

ಮೊನ್ಮಾನ ಕಣ್ಣು ಲೋಟದಿಂದ ಮೇಲೇಳಲಿಲ್ಲ. ಸುಶಿ ಹಲಗೆಯ ಮೇಲೆ ಆರುತ್ತಿತ್ತು.